ವೇಷದ ಮೈಕಟ್ಟು

ಭಟ್ಕಳದಿಂದ ಹೊನ್ನಾವರ, ಕುಮಟೆಗಳವರೆಗಿನ ಕರಾವಳಿಯಲ್ಲಿ ಬಡಗುತಿಟ್ಟಿನ ಆಟವನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಚೌಕಿಗೆ ಹೋಗುವಾಗ ಸಾಧಾರಣ ಮೈಕಟ್ಟಿನವನಾಗಿದ್ದ ಮನುಷ್ಯನು ರಂಗಸ್ಥಳಕ್ಕೆ ಕರ್ಣನಾಗಿ ಬರುವಾಗ ಎತ್ತರದಲ್ಲಿಯೂ ಅಗಲದಲ್ಲಿಯೂ ಬೆಳೆದಿರುತ್ತಾನೆ. ನಡು ಮಾತ್ರ ಮೊದಲಿಗಿಂತ ಸಣ್ಣದಾಗಿ ತೋರುತ್ತದೆ. ಇದು ಹೇಗೆ?

ಸಣ್ಣ ನಡುವಿಗಾಗಿ ಯುರೋಪಿನ ಸ್ತ್ರೀಯರು ಹಿಡಿದ ದಾರಿ ಬೇರೆ. ಅಲ್ಲಿಯ ಕಾರ್ಸೆಟ್ ಎಂಬ ಒಳಕುಪ್ಪಸದಲ್ಲಿ ಎರಡು ಪದರ ಬಟ್ಟೆಯ ನಡುವೆ ಉದ್ದುದ್ದವಾಗಿ ಹೊಲಿಗೆ ಹಾಕಿ, ಆ ಸಂದುಗಳಲ್ಲಿ ತಿಮಿಂಗಿಲದ ಬಾಯೊಳಗಿನ ಫಲಕಗಳನ್ನು ಸೀಳಿ ತೂರಿಸುತ್ತಿದ್ದರು. ಇದನ್ನು ತಿಮಿಂಗಿಲದ ಎಲುಬೆಂದು ಕರೆಯುವುದು ರೂಢಿ. ವಾಸ್ತವವಾಗಿ ಅದು ನಮ್ಮ ಉಗುರಿನ ಜಾತಿಯ ವಸ್ತು. ಕಾಯಿಸಿದರೆ ಬಾಗುತ್ತದೆ, ಆರಿದ ಮೇಲೆ ಆ ಬಾಗನ್ನೇ ಉಳಿಸಿಕೊಳ್ಳುತ್ತದೆ. ಬೆನ್ನಿನ ಕಡೆಯ ತೂತುಗಳಲ್ಲಿ ದಾರವನ್ನು ಪೋಣಿಸಿ ಎಳೆದರೆ ನಡು ಕುಗ್ಗುವುದು. 19ನೆಯ ಶತಮಾನದಲ್ಲಿ ತೂತುಗಳಿಗೆ ಲೋಹದ ಬಳೆ ಬಂದಿತು. ಬಟ್ಟೆ ಹರಿಯುವ ಭಯ ತಪ್ಪಿದುದರಿಂದ ಎಳೆತವೂ ಹೆಚ್ಚಿತು. ಪಕ್ಕೆಲುಬಿನ ಕೆಳಭಾಗವು ಅದುಮಿಹೋದಾಗ ಉಸಿರಾಟವು ಎದೆಯ ಮೇಲ್ಭಾಗದಲ್ಲಿಯೇ ನಿಂತುಹೋಗುತ್ತದೆ.

ನಮ್ಮ ವೇಷಧಾರಿಗೆ ಇದು ಒಗ್ಗತಕ್ಕದ್ದಲ್ಲ. ಅವನು ಕುಣಿಯಬೇಕು, ಮೊಣಕಾಲೂರಿ ಮಂಡಿ ಹಾಕಬೇಕು, ಆಮೇಲೆ ಏದುಸಿರು ತೋರಗೊಡದೆ ಅರ್ಥ ಹೇಳಬೇಕು. ಆದುದರಿಂದ ಇಲ್ಲಿ ನಡುವನ್ನು ಹಿಂಡುವುದಕ್ಕೆ ಬದಲಾಗಿ ಅದರ ಮೇಲೂ ಕೆಳಗೂ ಮೈಯನ್ನು ಬೆಳೆಸುತ್ತಾರೆ. ತಲೆಯ ಮೇಲೆ ಅಟ್ಟೆ ಕಟ್ಟಿ ಬಟ್ಟೆ ಸುತ್ತಿದ ದೊಡ್ಡ ಮುಂಡಾಸು. ದಗಲೆಯ ಮೇಲೆ ಹೆಗಲನ್ನು ಅಗಲಿಸುವ ಭುಜಕೀರ್ತಿ, ಎದೆಯನ್ನು ತುಂಬುವ ಎದೆಕಟ್ಟು. ಕೆಳಗೆ ಚೌಕಳಿಯ ಕಸೆ ಸೀರೆಯ ಹರವು. ನಡುವಿನಲ್ಲಿ ಒಂದು ಡಾಬು, ಅಷ್ಟೇ. ಮೇಲು ಕೆಳಗುಗಳು ಹಿಗ್ಗಿದಾಗ ನಡುವು ತಾನಾಗಿಯೇ ಸಣ್ಣದೆನಿಸುತ್ತದೆ. ಕಣ್ಣು ಅಳೆಯುವುದು ಹೋಲಿಕೆಯಿಂದಲ್ಲವೆ? ಈ ಗುಟ್ಟು ಯುರೋಪಿನವರಿಗೆ ತಿಳಿಯದ್ದೇನೂ ಅಲ್ಲ. 1830ರ ಸುಮಾರಿಗೆ ಅಲ್ಲಿಯ ಹೆಂಗಸರ ತೋಳುಗಳು ದಿಂಬಿನಂತೆ ಉಬ್ಬಿದ್ದುವು, ಲಂಗಗಳು ಹರಡಿದ್ದುವು. ಆದರೂ ದಾರವನ್ನು ಸಡಿಲಿಸಲಿಲ್ಲ!

ಆಭರಣಗಳೆಲ್ಲ ಹಗುರವಾದ ಮರದ ಮೇಲೆ ಬೇಗಡೆ ಅಂಟಿಸಿದವು. ತೂಕ ಕಡಿಮೆ, ಗಂಟುಗಳು ಮಾತ್ರ ಬಹಳ. ಈ ಗಂಟುಗಳಲ್ಲಿಯೇ ಕೌಶಲವಿರುವುದೆಂದು ನನ್ನ ಭಾವನೆ. ಸಡಿಲವಾದರೆ ಮೊದಲ ಸುತ್ತಿನಲ್ಲಿಯೇ ಭುಜಕೀರ್ತಿ ಜಾರುತ್ತದೆ. ಅತಿಯಾಗಿ ಬಿಗಿದರೆ ಮಾತು ಕಟ್ಟಿಹೋಗುತ್ತದೆ. ಬೆನ್ನಿನ ಹಿಂದಿನ ಗಂಟು ತನ್ನ ಕೈಗೆ ಎಟುಕದು, ಇನ್ನೊಬ್ಬನೇ ಕಟ್ಟಬೇಕು. ಕಟ್ಟುವವನು ಎಳೆಯುವಾಗ ವೇಷಧಾರಿಯು ಎದೆಯ ತುಂಬ ಉಸಿರು ಹಿಡಿದು ನಿಂತರೆ, ಉಸಿರು ಬಿಟ್ಟ ಮೇಲೆ ಒಳಗೆ ಅಷ್ಟು ಜಾಗ ಉಳಿಯುತ್ತದೆ.

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಸ್ಥಾಪಿಸಿದ ಕಾಲದಲ್ಲಿ ಆಟವೆಂದರೆ ಇಡೀ ರಾತ್ರಿಯ ಮಾತು. ಈಗ ಕಾಲಮಿತಿಯ ಆಟಗಳೂ ಬಂದಿವೆ. ಆದರೆ ಮೂರು ಗಂಟೆಯ ಕರ್ಣನಿಗೂ ಅಷ್ಟೇ ಗಂಟುಗಳು ಬೇಕು. ಆಟ ಮುಗಿದು ಅವುಗಳನ್ನು ಬಿಚ್ಚಿದಾಗ ಚೌಕಿಯಲ್ಲಿ ಉಳಿಯುವುದು ಬಟ್ಟೆಯ ಒಂದು ರಾಶಿ, ಅದರ ಪಕ್ಕದಲ್ಲಿ ಬೆವರಿನಿಂದ ತೊಯ್ದ ಒಬ್ಬ ಸಾಧಾರಣ ಮನುಷ್ಯ.