ಜೇನುಪೆಟ್ಟಿಗೆಯ ಬಾಗಿಲಲ್ಲಿ ಕಡಜ

ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದಲ್ಲಿ 1856ರಿಂದ ಜೇನುಸಾಕಣೆ ಶಾಲೆಯಿದೆ. ಅದೇ ಊರಿನ ಒಪೆರಾ ಗಾರ್ನಿಯೆಯ ಛಾವಣಿಯಲ್ಲೂ 1980ರ ದಶಕದಲ್ಲೇ ಪೆಟ್ಟಿಗೆ ಇಟ್ಟರು. ಹೊಲಗಳಷ್ಟು ಕೀಟನಾಶಕದ ಕಾಟವಿಲ್ಲ, ಸಾಲುಮರ, ಉದ್ಯಾನ, ಬಾಲ್ಕನಿಗಳಲ್ಲಿ ಒಂದಲ್ಲ ಒಂದು ಹೂ ಅರಳಿರುತ್ತದೆ ಎಂದು ಯುರೋಪಿನ ಹಲವು ನಗರಗಳು ಇದೇ ಹಾದಿ ಹಿಡಿದವು. ಈಗ ಆ ಪೆಟ್ಟಿಗೆಗಳ ಮುಂದೆ ಆಗಸ್ಟ್ ಬಂತೆಂದರೆ ಹಳದಿ ಕಾಲಿನ ಏಷ್ಯಾದ ಕಡಜ ಕಾವಲು ನಿಲ್ಲುತ್ತದೆ. ಹೆಸರು ವೆಸ್ಪಾ ವೆಲುಟಿನಾ. ಮೈ ಮಖಮಲ್ಲಿನಂಥ ಕಡುಕಂದು, ಹೊಟ್ಟೆಯ ಹಿಂಭಾಗದಲ್ಲಿ ಕಿತ್ತಳೆ ಪಟ್ಟಿ, ಕಾಲಿನ ತುದಿಗೆ ಅಚ್ಚ ಹಳದಿ. ಯುರೋಪಿನದೇ ಆದ ಕಡಜ ಇದಕ್ಕಿಂತ ದೊಡ್ಡದು, ಹೊಟ್ಟೆ ಬಹುಪಾಲು ಹಳದಿ. ಅದರಿಂದ ಜೇನಿಗೆ ಅಷ್ಟೇನೂ ತೊಂದರೆಯಿಲ್ಲ. ಪಾಪ, ಹೋಲಿಕೆಯ ದೆಸೆಯಿಂದ ಅದಕ್ಕೂ ಹೊಡೆತ ಬೀಳುತ್ತದೆ.

ಇದು ಫ್ರಾನ್ಸಿಗೆ ಬಂದದ್ದು 2004ರ ಸುಮಾರಿಗೆ, ನೈಋತ್ಯದ ಲೋತ್-ಎ-ಗರೋನ್ ಪ್ರಾಂತ್ಯಕ್ಕೆ. ಚೀನಾದಿಂದ ತರಿಸಿದ ಮಣ್ಣಿನ ಕುಂಡಗಳ ನಡುವೆ ಚಳಿನಿದ್ದೆಯಲ್ಲಿದ್ದ ರಾಣಿ ಬಂದಿರಬೇಕೆಂದು ಊಹೆ. ಒಂದೇ ರಾಣಿ ಸಾಕು. ಚಳಿಗಾಲಕ್ಕೆ ಮೊದಲೇ ಗಂಡುಗಳೊಡನೆ ಕೂಡಿ, ಆ ವೀರ್ಯವನ್ನು ಮೈಯಲ್ಲೇ ಇಟ್ಟುಕೊಂಡಿರುವ ಅವಳು ವಸಂತದಲ್ಲಿ ಒಬ್ಬಳೇ ಸಂಸಾರ ಹೂಡಬಲ್ಲಳು. ಯುರೋಪಿನ ಸಂತತಿಯ ಮೂಲ ಇಂಥ ಒಬ್ಬಳೇ ರಾಣಿ ಎಂದು ವಂಶವಾಹಿ ಪರೀಕ್ಷೆಗಳು ಸೂಚಿಸಿವೆ. 2010ಕ್ಕೆ ಸ್ಪೇನ್, 2011ಕ್ಕೆ ಪೋರ್ಚುಗಲ್, 2014ಕ್ಕೆ ಜರ್ಮನಿ, 2016ಕ್ಕೆ ಬ್ರಿಟನ್. 2023ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಬಂದರಿನ ಬಳಿಯೂ ಕಾಣಿಸಿತು.

ಬೇಟೆಯನ್ನು ಹತ್ತಿರದಿಂದ ನೋಡಿ. ಕಡಜ ಪೆಟ್ಟಿಗೆಗೆ ಬೆನ್ನು ಹಾಕಿ, ಬಾಗಿಲಿನಿಂದ ಗೇಣುದೂರದಲ್ಲಿ ಗಾಳಿಯಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ದಣಿದು ಬರುವ ಜೇನುನೊಣ ತುಸು ನಿಧಾನವಾದ ಕ್ಷಣಕ್ಕೆ ಎರಗುತ್ತದೆ. ಹತ್ತಿರದ ಕೊಂಬೆಗೆ ಒಯ್ದು, ಹಿಂಗಾಲಿನಿಂದ ತಲೆಕೆಳಗಾಗಿ ಜೋತುಬಿದ್ದು, ತಲೆ, ರೆಕ್ಕೆ, ಹೊಟ್ಟೆ ಕತ್ತರಿಸಿ ಉದುರಿಸುತ್ತದೆ. ಉಳಿಸಿಕೊಳ್ಳುವುದು ಎದೆಭಾಗ ಮಾತ್ರ. ಹಾರಾಟದ ಸ್ನಾಯುಗಳಿರುವುದು ಅಲ್ಲೇ, ಗೂಡಿನ ಮರಿಗಳಿಗೆ ಬೇಕಾದ ಪ್ರೋಟೀನೂ ಅಲ್ಲೇ.

ತಿಂದ ನೊಣಗಳ ಲೆಕ್ಕಕ್ಕಿಂತ ದೊಡ್ಡ ನಷ್ಟ ಭಯದ್ದು. ಬಾಗಿಲಲ್ಲಿ ನಾಲ್ಕಾರು ಕಡಜ ನಿಂತರೆ ನೊಣಗಳು ಹೊರಗೆ ಹೋಗುವುದನ್ನೇ ಬಿಡುತ್ತವೆ. ಮಕರಂದವೂ ಇಲ್ಲ, ಪರಾಗವೂ ಇಲ್ಲ. ಪರಾಗ ನಿಂತರೆ ಮರಿ ಸಾಕುವುದು ಕುಂಠಿತವಾಗುತ್ತದೆ, ಚಳಿಗಾಲ ದಾಟಬೇಕಾದ ತಲೆಮಾರೇ ಸೊರಗುತ್ತದೆ. ಹೀಗಾಗಿ ಸೆಪ್ಟೆಂಬರಿನ ದಾಳಿಗೆ ಸಿಕ್ಕ ಕುಟುಂಬ ಸಾಯುವುದು ಎಷ್ಟೋ ಸಲ ಜನವರಿಯಲ್ಲಿ. ಅಷ್ಟರಲ್ಲಿ ಕಡಜದ ಗೂಡೂ ಖಾಲಿ. ಸಾಕಿದವರು ದೂಷಿಸುವುದು ಚಳಿಯನ್ನು.

ನಮ್ಮ ಮಲೆನಾಡು, ಕರಾವಳಿಯ ಜೇನುಕೃಷಿಕರಿಗೆ ಕಡಜ ಹೊಸ ಶತ್ರುವಲ್ಲ; ಇಲ್ಲಿರುವುದು ಬೇರೆ ಜಾತಿಗಳು, ಅಷ್ಟೆ. ಆದರೆ ನಮ್ಮ ತುಡುವೆ ಜೇನು ಕಡಜಗಳ ಜೊತೆಗೇ ಬೆಳೆದು ಬಂದದ್ದು. ಬಾಗಿಲಿಗೆ ತೀರಾ ಹತ್ತಿರ ಬಂದ ಕಡಜವನ್ನು ನೂರಾರು ನೊಣಗಳು ಮುತ್ತಿ ಉಂಡೆಯಾಗಿ, ಮೈ ಅದುರಿಸಿ ಶಾಖ ಎಬ್ಬಿಸುತ್ತವೆ. ಸುಮಾರು 45-46 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಕಡಜ ಸಾಯುತ್ತದೆ. ತುಡುವೆ 50ರವರೆಗೂ ತಾಳಬಲ್ಲದು. ಯುರೋಪಿನ ಮೆಲ್ಲಿಫೆರಾ ಜೇನಿಗೆ ಈ ಪಟ್ಟು ಸರಿಯಾಗಿ ಕರಗತವಿಲ್ಲ. ಮುತ್ತುವ ನೊಣಗಳೂ ಕಡಿಮೆ, ಒಗ್ಗಟ್ಟೂ ಸಡಿಲ.

ನಗರದಲ್ಲಿ ಕಡಜಕ್ಕೆ ಇನ್ನಷ್ಟು ಅನುಕೂಲ. ವಸಂತದ ಮೊದಲ ಗೂಡು ನಿಂಬೆಹಣ್ಣಿನಷ್ಟು. ಶೆಡ್ಡು, ಬಾಲ್ಕನಿ, ಸೂರಿನಡಿ ಎಲ್ಲಾದರೂ ನಡೆಯುತ್ತದೆ. ಸಂತತಿ ಹೆಚ್ಚಿದ ಮೇಲೆ ಬಹಳಷ್ಟು ಕುಟುಂಬಗಳು ಎತ್ತರದ ಮರದ ನೆತ್ತಿಗೆ ಬಿಡಾರ ಬದಲಿಸಿ, ಅಗಿದ ಮರದ ನಾರಿನಿಂದ ದೊಡ್ಡ ಗೂಡು ಕಟ್ಟುತ್ತವೆ. ಒಂದು ಗೂಡಿನಿಂದ ಋತುವಿನುದ್ದಕ್ಕೂ ಹೊರಬರುವ ಕಡಜಗಳು ಸರಾಸರಿ ಆರು ಸಾವಿರ. ಹಳ್ಳಿಗಾಡಿನಲ್ಲಿ ಸಾಧಾರಣ ನೊಣ, ಕಣಜ ಹೀಗೆ ನಾನಾ ಬೇಟೆ ಸಿಗುತ್ತದೆ. ಊರೊಳಗೆ ಸುಲಭಕ್ಕೆ ಸಿಗುವುದು ಜೇನು. ಫ್ರಾನ್ಸಿನ ಅಧ್ಯಯನವೊಂದರಲ್ಲಿ ನಗರದ ಗೂಡುಗಳಿಗೆ ಬಂದ ಬೇಟೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜೇನೇ ಆಗಿತ್ತು. ಎಲೆ ಉದುರುವ ತನಕ ಗೂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಕಿತ್ತರೂ ಪ್ರಯೋಜನವಿಲ್ಲ, ಮುಂದಿನ ವರ್ಷದ ರಾಣಿಯರು ಹಾರಿಹೋಗಿ ಎಲ್ಲೋ ತೊಗಟೆಯಡಿ ಮಲಗಿರುತ್ತಾರೆ.

ಆದ್ದರಿಂದ ಗೂಡನ್ನು ಬೇಸಿಗೆಯಲ್ಲೇ ಪತ್ತೆ ಮಾಡಬೇಕು. ಫ್ರಾನ್ಸಿನ ಬಳಿಯ ಜರ್ಸಿ ದ್ವೀಪದ ಸ್ವಯಂಸೇವಕರ ವಿಧಾನ ಸರಳ. ಬತ್ತಿ ಇಳಿಬಿಟ್ಟ ಡಬ್ಬಿಯಲ್ಲಿ ಸಿಹಿದ್ರವ ಇಟ್ಟು, ಕುಡಿಯಲು ಬಂದ ಕಡಜದ ಬೆನ್ನಿಗೆ ಬಣ್ಣದ ಚುಕ್ಕೆ ಇಡುತ್ತಾರೆ. ಹಾರಿದ ದಿಕ್ಕು ನೋಡಿ, ಮರಳಿ ಬರಲು ಹಿಡಿದ ಸಮಯ ಅಳೆಯುತ್ತಾರೆ. ಒಂದು ನಿಮಿಷಕ್ಕೆ ನೂರು ಮೀಟರ್ ಎಂಬುದು ಅಂದಾಜು ಲೆಕ್ಕ. ಎರಡು ಮೂರು ಕಡೆಯಿಂದ ಗೆರೆ ಎಳೆದರೆ ಅವು ಕೂಡುವಲ್ಲಿ ಗೂಡು. ಎಕ್ಸೆಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಕಡಜಕ್ಕೆ ಪುಟ್ಟ ರೇಡಿಯೋ ಟ್ಯಾಗ್ ಕಟ್ಟಿಯೂ ಗೂಡು ಹುಡುಕಿ ತೋರಿಸಿದರು.

ಪೆಟ್ಟಿಗೆಯ ಬಳಿ ಮಾಡಬಹುದಾದದ್ದು ಮಿತವಾದದ್ದೇ, ಆದರೂ ಉಪಯುಕ್ತ. ಬಾಗಿಲನ್ನು ಐದೂವರೆ ಮಿಲಿಮೀಟರಿಗೆ ಕಿರಿದಾಗಿಸಿದರೆ ನೊಣ ನುಸುಳುತ್ತದೆ, ಕಡಜ ಒಳನುಗ್ಗದು. ಬಾಗಿಲ ಮುಂದೆ ತಂತಿಬಲೆಯ ಗೂಡು ಕಟ್ಟಿದರೆ ಕಡಜ ದೂರ ನಿಲ್ಲಬೇಕಾಗುತ್ತದೆ, ನೊಣಗಳ ಭಯ ತಗ್ಗಿ ಹೊರಸಂಚಾರ ಮುಂದುವರಿಯುತ್ತದೆ. ವಿದ್ಯುತ್ ಹಾಯಿಸಿದ ಲಂಬ ತಂತಿಗಳ ಚೌಕಟ್ಟನ್ನು ಪೆಟ್ಟಿಗೆಗಳ ನಡುವೆ ನಿಲ್ಲಿಸುವವರೂ ಇದ್ದಾರೆ. ಬಿಯರ್, ಸಿರಪ್ ತುಂಬಿದ ಬಾಟಲಿಯನ್ನು ಕಂಡಕಂಡಲ್ಲಿ ನೇತುಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಅದರಲ್ಲಿ ಬಿದ್ದು ಸಾಯುವುದು ಹೆಚ್ಚಾಗಿ ಸಾಧಾರಣ ನೊಣ, ಪತಂಗ, ಸ್ಥಳೀಯ ಕಣಜಗಳು. ರಾಣಿಯರನ್ನು ಹಿಡಿಯಲೆಂದು ಇಟ್ಟರೂ ಲಾಭ ಅಷ್ಟಕ್ಕಷ್ಟೆ; ವಸಂತದ ರಾಣಿಯರಂತೂ ಗೂಡಿಗಾಗಿ ತಮ್ಮತಮ್ಮಲ್ಲೇ ಕಾದಾಡಿ ಬಹಳಷ್ಟು ಸಾಯುತ್ತಾರೆ.

ಬ್ರಿಟನ್ 2023ರಲ್ಲಿ 72 ಗೂಡು ಪತ್ತೆಮಾಡಿ ನಾಶಪಡಿಸಿತು. ಹುಡುಕಾಟಕ್ಕೆ ಸುಳಿವು ಕೊಡುವವರಲ್ಲಿ ಸಾಮಾನ್ಯ ಜನರೇ ಮುಖ್ಯ. ಅಲ್ಲಿ ನೆಲೆಸಿರುವ ಕನ್ನಡಿಗರೇ, ಹಿತ್ತಿಲಲ್ಲಿ ಹಳದಿ ಕಾಲಿನ ಕಡಜ ಕಂಡರೆ ಹೊಡೆಯಬೇಡಿ. ಫೋಟೋ ತೆಗೆದು, ಅದು ಹಾರಿಹೋದ ದಿಕ್ಕು ಗುರುತಿಟ್ಟುಕೊಂಡು, ‘ಏಷ್ಯನ್ ಹಾರ್ನೆಟ್ ವಾಚ್’ ಆ್ಯಪಿನಲ್ಲಿ ತಿಳಿಸಿ. ಗೂಡು ಕಂಡರೆ ಹತ್ತಿರ ಹೋಗಬೇಡಿ, ಕೋಲು ಹಾಕಬೇಡಿ. ಅದನ್ನು ಕಾಪಾಡಲು ಕಡಜಗಳು ಹಿಂಡುಹಿಂಡಾಗಿ ಬರುತ್ತವೆ.