ಪೀಕ್‌ಸ್ಕಿಲ್ಲಿನ ಉಲ್ಕೆ

1992ನೆಯ ಅಕ್ಟೋಬರ್ 9, ಶುಕ್ರವಾರ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಭಾಗದಲ್ಲಿ ಕತ್ತಲು ಕವಿದಿತ್ತು. ಶುಕ್ರವಾರದ ಸಂಜೆಯೆಂದರೆ ಅಲ್ಲಿನ ಪ್ರೌಢಶಾಲೆಗಳಲ್ಲಿ ಫುಟ್‌ಬಾಲ್ ಪಂದ್ಯಗಳ ಸಂಭ್ರಮ. ಆಟವನ್ನು ಚಿತ್ರೀಕರಿಸಲು ಹಲವರು ವಿಡಿಯೋ ಕ್ಯಾಮೆರಾ ಹಿಡಿದು ನಿಂತಿದ್ದರು. ಏಳು ಮುಕ್ಕಾಲು ಗಂಟೆಯ ಸುಮಾರಿಗೆ ಪೂರ್ಣಚಂದ್ರನಿಗಿಂತಲೂ ಪ್ರಕಾಶಮಾನವಾದ, ಹಸಿರು ಛಾಯೆಯ ಅಗ್ನಿಗೋಳವೊಂದು ಆಕಾಶದಲ್ಲಿ ಕಾಣಿಸಿಕೊಂಡಿತು. ಸಾಮಾನ್ಯ ಉಲ್ಕೆಯು ರೆಪ್ಪೆ ಮಿಟುಕಿಸುವಷ್ಟರಲ್ಲಿ ಮರೆಯಾಗುತ್ತದೆ. ಇದಾದರೋ ನೆಲಕ್ಕೆ ಬಹುಮಟ್ಟಿಗೆ ಸಮಾಂತರವಾಗಿ ವಾಯುಮಂಡಲವನ್ನು ಹೊಕ್ಕಿದ್ದರಿಂದ 40 ಸೆಕೆಂಡುಗಳಿಗೂ ಹೆಚ್ಚು ಕಾಲ ಉರಿಯಿತು. ಉರಿಯುತ್ತಲೇ ಹತ್ತಾರು ಚೂರುಗಳಾಗಿ ಒಡೆದು, ದೀಪಗಳ ಮೆರವಣಿಗೆಯಂತೆ ಈಶಾನ್ಯ ದಿಕ್ಕಿಗೆ ಸಾಗಿತು.

ಕಲ್ಲೊಂದು ಹೀಗೆ ಬೆಳಗಲು ಕಾರಣ ಅದರ ವೇಗ. ಈ ಉಲ್ಕೆಯ ವೇಗ ಸೆಕೆಂಡಿಗೆ ಸುಮಾರು 15 ಕಿಲೋಮೀಟರು. ಅಷ್ಟು ರಭಸದಿಂದ ನುಗ್ಗುವ ಕಲ್ಲಿನ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಅವಕಾಶವೇ ದೊರೆಯದು. ಅದು ಒತ್ತಡಕ್ಕೆ ಸಿಕ್ಕಿ ವಿಪರೀತ ಕಾಯುತ್ತದೆ. ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಇಲ್ಲಿ ನೆನೆಯಬಹುದು. ಆ ತಾಪಕ್ಕೆ ಕಲ್ಲಿನ ಹೊರಮೈ ಕರಗಿ ಆವಿಯಾಗುತ್ತದೆ. ಕಣ್ಣಿಗೆ ಕಾಣುವುದು ಕಾದ ಗಾಳಿ ಮತ್ತು ಈ ಆವಿಯ ಬೆಳಕು.

ಅಂದು ಉಳಿದ ತುಣುಕುಗಳಲ್ಲಿ ಒಂದು, 12 ಕಿಲೋಗ್ರಾಮಿಗೂ ಮಿಕ್ಕ ತೂಕದ್ದು, ನ್ಯೂಯಾರ್ಕ್ ರಾಜ್ಯದ ಪೀಕ್‌ಸ್ಕಿಲ್ ಪಟ್ಟಣದಲ್ಲಿ ಮನೆಯ ಮುಂದೆ ನಿಲ್ಲಿಸಿದ್ದ ಹಳೆಯ ಕಾರೊಂದರ ಹಿಂಭಾಗವನ್ನು ಸೀಳಿಕೊಂಡು ನೆಲಕ್ಕೆ ಬಿದ್ದಿತು. ಮೊದಲಿಗೆ ಅದನ್ನು ಕಿಡಿಗೇಡಿಗಳ ಕೃತ್ಯವೆಂದೇ ಶಂಕಿಸಲಾಯಿತು! ಆ ಜಖಂಗೊಂಡ ಕಾರು ಮುಂದೆ ಪ್ರದರ್ಶನದ ವಸ್ತುವಾಯಿತು.

ಆದರೆ ವಿಜ್ಞಾನಿಗಳಿಗೆ ಕಾರಿಗಿಂತ ಅಮೂಲ್ಯವಾಗಿ ಕಂಡದ್ದು ಜನರ ಬಳಿಯಿದ್ದ ವಿಡಿಯೋ ಸುರುಳಿಗಳು. ಕನಿಷ್ಠ 16 ಮಂದಿ ಬೇರೆ ಬೇರೆ ಸ್ಥಳಗಳಿಂದ ಉಲ್ಕೆಯನ್ನು ಚಿತ್ರೀಕರಿಸಿದ್ದರು. ಒಂದೇ ಚಿತ್ರದಿಂದ ದಿಕ್ಕು ತಿಳಿದೀತೇ ಹೊರತು ದೂರ ತಿಳಿಯದು. ದೂರದೂರದ ಎರಡು ಸ್ಥಳಗಳಿಂದ ಎಳೆದ ದೃಷ್ಟಿರೇಖೆಗಳು ಸಂಧಿಸಿದೆಡೆಯಲ್ಲಿ ಉಲ್ಕೆಯ ನೆಲೆ ಸಿಗುತ್ತದೆ. ಕ್ಷಣಕ್ಷಣದ ನೆಲೆಗಳನ್ನು ಜೋಡಿಸಿದರೆ ಅದರ ಪಥವೂ ವೇಗವೂ ದೊರೆಯುತ್ತವೆ. ಈ ಲೆಕ್ಕವನ್ನು ಹಿಂದಕ್ಕೆ ನಡೆಸಿದಾಗ, ಆ ಕಲ್ಲು ಮಂಗಳ ಮತ್ತು ಗುರು ಗ್ರಹಗಳ ನಡುವಣ ಕ್ಷುದ್ರಗ್ರಹಗಳ ವಲಯದವರೆಗೆ ಚಾಚಿದ ಕಕ್ಷೆಯಲ್ಲಿ ಸೂರ್ಯನನ್ನು ಸುತ್ತುತ್ತಿದ್ದುದು ಗೊತ್ತಾಯಿತು. ಅದಕ್ಕೆ ಮುನ್ನ ಹೀಗೆ ಕಕ್ಷೆ ನಿಖರವಾಗಿ ತಿಳಿದಿದ್ದ ಉಲ್ಕಾಶಿಲೆಗಳು ಮೂರೇ: 1959, 1970 ಮತ್ತು 1977ರಲ್ಲಿ ಬಿದ್ದವು. ಅವುಗಳನ್ನು ಸೆರೆಹಿಡಿದದ್ದು ಆಕಾಶವೀಕ್ಷಣೆಗೆಂದೇ ಇರಿಸಿದ್ದ ಕ್ಯಾಮೆರಾಗಳು. ನಾಲ್ಕನೆಯದರ ಕಕ್ಷೆಯನ್ನು ತಿಳಿಸಿದ್ದು ಫುಟ್‌ಬಾಲ್ ನೋಡಲು ಬಂದವರ ಕ್ಯಾಮೆರಾಗಳು.

ಕ್ಯಾಮೆರಾ ಇಲ್ಲದವರ ಸಾಕ್ಷ್ಯವೂ ವ್ಯರ್ಥವಲ್ಲ. ನಿಂತಿದ್ದ ಜಾಗ, ಗಡಿಯಾರದ ವೇಳೆ, ಉಲ್ಕೆ ಯಾವ ಮರದ ಅಥವಾ ಮಾಳಿಗೆಯ ನೇರಕ್ಕೆ ಮೂಡಿ ಎಲ್ಲಿ ಅಳಿಯಿತು, ಬೆಳಕು ಕಂಡ ಎಷ್ಟು ಹೊತ್ತಿಗೆ ಗುಡುಗಿನಂಥ ಸದ್ದು ಕೇಳಿಸಿತು ಎಂಬಿಷ್ಟನ್ನು ಮರೆಯುವ ಮುನ್ನ ಬರೆದಿಟ್ಟರೆ ಖಗೋಳಜ್ಞರ ಲೆಕ್ಕಕ್ಕೆ ಅದು ಒದಗಿಬರುತ್ತದೆ.