ನೀವು, ನೀನು



1998ರ ಅಕ್ಟೋಬರಿನಿಂದ ಒಂದು ವರ್ಷ ನಾನು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣದಲ್ಲಿ ನಾಲ್ವರು ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುತ್ತಿದ್ದೆ. ನಿಘಂಟುಕಾರ ಕಿಟ್ಟೆಲರು 1903ರಲ್ಲಿ ಕಣ್ಮುಚ್ಚಿದ ಊರು ಅದು. ಚಳಿಗಾಲ ಕಳೆಯುವವರೆಗೆ ಆ ನೆನಪೊಂದೇ ನನಗಿದ್ದ ಬಳಗ.

ನಮ್ಮ ‘ನೀವು’ ಎಂಬುದಕ್ಕೆ ಜರ್ಮನರು ‘ಝೀ’ ಎನ್ನುತ್ತಾರೆ. ‘ನೀನು’ ಎಂಬುದಕ್ಕೆ ‘ದೂ’. ವಿದ್ಯಾರ್ಥಿಗಳು ತಮ್ಮೊಳಗೆ ಮೊದಲ ದಿನವೇ ‘ದೂ’ ಎನ್ನುವರು. ನನ್ನ ನೆರೆಮನೆಯ ವೃದ್ಧೆಯಾದರೋ ಆರು ತಿಂಗಳು ದಿನವೂ ಕುಶಲ ವಿಚಾರಿಸಿಯೂ ‘ಝೀ’ ಬಿಡಲಿಲ್ಲ. ಅದನ್ನು ತಾತ್ಸಾರವೆಂದೇ ಬಗೆದಿದ್ದೆ. ನನ್ನ ಎಣಿಕೆ ತಪ್ಪಾಗಿತ್ತು. ನಮ್ಮಲ್ಲಿ ಸ್ನೇಹ ಬೆಳೆದಂತೆ ಬಹುವಚನವು ಏಕವಚನಕ್ಕೆ ತಾನಾಗಿ ಜಾರುತ್ತದೆ. ಎಂದು ಜಾರಿತೆಂಬುದು ಇಬ್ಬರಿಗೂ ತಿಳಿಯದು. ಅಲ್ಲಿ ಅದನ್ನು ಬಾಯಿಬಿಟ್ಟು ಕೇಳಬೇಕು, ಕೇಳುವ ಹಕ್ಕು ಹಿರಿಯರದು. ಒಮ್ಮೆ ಒಪ್ಪಿ ಮತ್ತೆ ‘ಝೀ’ಗೆ ಮರಳಿದರೆ ಜಗಳವಾಡಿದಂತೆ. ಆದಕಾರಣವೇ ಅವರು ಅವಸರಪಡುವುದಿಲ್ಲ.

ಏಪ್ರಿಲಿನ ಒಂದು ಸಂಜೆ ಆಕೆ ಕಾಫಿಗೆ ಕರೆದು, ತಮ್ಮ ಹೆಸರು ಹೇಳಿ ಕೈನೀಡಿ, ಇನ್ನು ‘ದೂ’ ಎನ್ನೋಣವೇ ಎಂದರು. ಎಪ್ಪತ್ತು ದಾಟಿದವರನ್ನು ಏಕವಚನದಲ್ಲಿ ಮಾತನಾಡಿಸಲು ನನ್ನ ನಾಲಗೆ ಏಳಲಿಲ್ಲ. ಸಂಕೋಚವನ್ನು ಹೇಳಿಕೊಂಡೆ.

“ನಿನ್ನ ತಾಯಿಗೆ ಏನೆನ್ನುತ್ತೀ?”

“ನೀನು ಎಂದೇ.”

“ಮತ್ತೇನು?” ಎಂದು ಕಾಫಿ ಬಗ್ಗಿಸಿದರು.

ಮರುವಾರ, ಅವರ ಗೆಳತಿಯರು ಭಾನುವಾರ ಮಧ್ಯಾಹ್ನ ಕಾಫಿ-ಕೇಕಿಗೆ ಸೇರುವ ಮೇಜಿಗೆ ನನಗಾಗಿ ಐದನೆಯ ಕುರ್ಚಿ ಬಂದಿತ್ತು. ‘ದೂ’ ಎನ್ನುವುದು ಕ್ರಮೇಣ ರೂಢಿಯಾಯಿತು. ಹೆಸರು ಹಿಡಿದು ಕರೆಯುವುದು ಮಾತ್ರ ಊರಿಗೆ ಹೊರಟ ದಿನದವರೆಗೂ ನನ್ನಿಂದಾಗಲಿಲ್ಲ.